ಗೋವಾ ಒಪ್ಪದ ಬಿಷಪ್

1637ರಲ್ಲಿ ರೋಮಿನಲ್ಲಿ ಒಬ್ಬ ಕೊಂಕಣಿ ಪಾದ್ರಿಗೆ ಬಿಷಪ್ ದೀಕ್ಷೆ ಆಯಿತು. ಯಾರಿಗೂ ಹೇಳದೆ, ಸದ್ದಿಲ್ಲದೆ ಆಯಿತು. ಪೋರ್ಚುಗಲ್ ಕಡೆಯವರ ಕಿವಿಗೆ ಸುದ್ದಿ ಬಿದ್ದರೆ ತಡೆಯುತ್ತಾರೆ ಎಂಬ ಭಯ ಇತ್ತು. ಅವರಿಗೆ ಕೊಟ್ಟ ಸೀಮೆ ಯಾವುದು ಗೊತ್ತಾ? ಬಿಜಾಪುರದ ಆದಿಲ್ ಶಾಹಿ ರಾಜ್ಯ. ಆಗ ಅಲ್ಲಿ ಆಳುತ್ತಿದ್ದವನು ಮುಹಮ್ಮದ್ ಆದಿಲ್ ಶಾ. ನಾವು ಶಾಲೆಯ ಟೂರಿನಲ್ಲಿ ಹೋಗಿ ಕೂಗಿ ಕೂಗಿ ಪ್ರತಿಧ್ವನಿ ಕೇಳುವ ಗೋಳಗುಮ್ಮಟ ಅವನದೇ ಗೋರಿ.

ಆ ಬಿಷಪ್‌ರ ಹೆಸರು ಮಾತೇವುಸ್ ದೆ ಕಾಸ್ತ್ರೊ. ಲ್ಯಾಟಿನ್ ವಿಧಿಯ ಕಥೋಲಿಕ ಸಭೆಯಲ್ಲಿ ಬಿಷಪ್ ಆದ ಮೊದಲ ಭಾರತೀಯ. ಕೇರಳದ ಸಿರಿಯನ್ ಕ್ರೈಸ್ತರ ಕಥೆ ಬೇರೆ. ಅವರಿಗೆ ಬಹಳ ಹಿಂದಿನಿಂದಲೂ ಪರ್ಷಿಯಾ, ಮೆಸೊಪೊಟೇಮಿಯಾ ಕಡೆಯಿಂದ ಬಿಷಪ್‌ಗಳು ಬರುತ್ತಿದ್ದರು. ಪೋರ್ಚುಗೀಸರ ಜೊತೆ ಬಂದ ಸಭೆಯಲ್ಲಿ ಮಾತ್ರ ಈ ನೆಲದವನೊಬ್ಬ ಬಿಷಪ್ ಪಟ್ಟಕ್ಕೆ ಏರಿದ್ದು ಅದೇ ಮೊದಲು. ನಾನು ಕರಾವಳಿಯ ಕಥೋಲಿಕ ಮನೆಯಲ್ಲಿ ಬೆಳೆದವನು. ಸಂತ ಫ್ರಾನ್ಸಿಸ್ ಜೇವಿಯರ್ ಕಥೆ, ಜೋಸೆಫ್ ವಾಜ್ ಕಥೆ ಎಲ್ಲ ಚಿಕ್ಕಂದಿನಿಂದ ಕೇಳಿದ್ದೇನೆ. ಈ ಹೆಸರು ಮಾತ್ರ ಯಾರೂ ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಎಂದು ಓದುತ್ತಾ ಹೋದ ಹಾಗೆ ನನಗೆ ಅರ್ಥವಾಗುತ್ತಾ ಬಂತು. ಇವರನ್ನು ನೆನಪಿಟ್ಟುಕೊಳ್ಳುವುದು ಯಾರಿಗೂ ಸುಲಭ ಇರಲಿಲ್ಲ.

ಮಾತೇವುಸ್ ಹುಟ್ಟಿದ್ದು 1594ರ ಸುಮಾರಿಗೆ, ದಿವಾರ್ ದ್ವೀಪದಲ್ಲಿ. ಓಲ್ಡ್ ಗೋವಾಕ್ಕೆ ಹೋದವರು ಮಾಂಡವಿ ನದಿಯ ಆಚೆ ಒಂದು ಹಸಿರು ಗುಡ್ಡ, ಅದರ ಮೇಲೊಂದು ಬಿಳಿ ಇಗರ್ಜಿ, ಅಂದರೆ ಚರ್ಚ್, ನೋಡಿರುತ್ತೀರಿ. ಅದೇ ದಿವಾರ್. ಈಗಲೂ ಫೆರ್ರಿಯಲ್ಲಿ ದಾಟಬೇಕು. ಗೋವಾದ ಕದಂಬರ ಮನೆದೇವರು ಸಪ್ತಕೋಟೇಶ್ವರ ಇದ್ದದ್ದು ಇದೇ ದ್ವೀಪದಲ್ಲಿ. 'ಸಪ್ತಕೋಟೀಶ್ವರ ಲಬ್ಧ ವರಪ್ರಸಾದ' ಎಂದು ಆ ರಾಜರು ತಮ್ಮನ್ನು ಕರೆದುಕೊಳ್ಳುತ್ತಿದ್ದರು. ಮುಂದೆ ವಿಜಯನಗರದ ಮಾಧವ ಮಂತ್ರಿ ಆ ದೇವಸ್ಥಾನವನ್ನು ಮತ್ತೆ ಎಬ್ಬಿಸಿದ. 1540ರ ಹೊತ್ತಿಗೆ ಪೋರ್ಚುಗೀಸರು ಅದನ್ನು ಕೆಡವಿದರು. ಲಿಂಗವನ್ನು ಭಕ್ತರು ನದಿ ದಾಟಿಸಿ ಆಚೆ ದಡದ ನಾರ್ವೆಗೆ ಒಯ್ದರು. ಆಚೆ ದಡ ಎಂದರೆ ಡಿಚೋಲಿ ಸೀಮೆ, ಬಿಜಾಪುರದ ರಾಜ್ಯ. ಅಲ್ಲಿ ಪೋರ್ಚುಗೀಸರ ಕೈ ನಡೆಯುತ್ತಿರಲಿಲ್ಲ. 1668ರಲ್ಲಿ ಶಿವಾಜಿ ಅಲ್ಲಿ ದೇವಸ್ಥಾನ ಕಟ್ಟಿಸಿದ. ಈಗ ಇರುವುದು ಅದೇ.

ದೇವರು ದಾಟಿದ ಆ ನದಿಯನ್ನು ನೂರು ವರ್ಷದ ನಂತರ ಅದೇ ದ್ವೀಪದ ಒಬ್ಬ ಕ್ರೈಸ್ತ ಬಿಷಪ್ ಕೂಡ ದಾಟಬೇಕಾಯಿತು. ಅದೇ ಪೋರ್ಚುಗೀಸರ ಕಾಟಕ್ಕೆ. ಅದೇ ಡಿಚೋಲಿಗೆ.

1560ರ ಹೊತ್ತಿಗೆ ದಿವಾರ್‌ನಲ್ಲಿ ದೊಡ್ಡ ಗುಂಪುಗಳಲ್ಲಿ ಮತಾಂತರ ನಡೆಯಿತು. ಅದೇ ವರ್ಷ ಗೋವಾದಲ್ಲಿ ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ಸಭೆಯ ನ್ಯಾಯಾಲಯ, ಶುರುವಾಯಿತು. ಮಾತೇವುಸ್ ಮನೆಯವರು ಕ್ರೈಸ್ತರಾದ ಕೊಂಕಣಿ ಬ್ರಾಹ್ಮಣರು. ಹಳೆಯ ಮನೆತನದ ಹೆಸರು ಮಹಾಲೆ. ಹುಡುಗ ಓದಿನಲ್ಲಿ ಚುರುಕು. ಗೋವಾದ ಬಾರ್ದೇಜ್ ಸೀಮೆಯ ರೇಸ್ ಮಾಗೋಸ್‌ನಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ನಡೆಸುತ್ತಿದ್ದ ವಿದ್ಯಾಲಯಕ್ಕೆ ಸೇರಿದರು. ಲ್ಯಾಟಿನ್ ಕಲಿತರು. ಪಾದ್ರಿ ಆಗಬೇಕು ಎಂದು ಆಸೆಪಟ್ಟರು. ಆರ್ಚ್‌ಬಿಷಪ್ ಕ್ರಿಸ್ತೊವಾಂವ್ ದೆ ಸಾ ಎ ಲಿಸ್ಬೋವಾ ಆಗುವುದಿಲ್ಲ ಎಂದರು.

ಯಾಕೆ ಆಗುವುದಿಲ್ಲ? ಇಲ್ಲಿ ಸ್ವಲ್ಪ ನಿಲ್ಲಬೇಕು. ಸಭೆಯ ಕಾನೂನಿನಲ್ಲಿ ಭಾರತೀಯರು ಪಾದ್ರಿ ಆಗಬಾರದು ಎಂಬ ಮಾತು ಎಲ್ಲೂ ಇರಲಿಲ್ಲ. 1558ರಷ್ಟು ಹಿಂದೆಯೇ ಆಂದ್ರೆ ವಾಜ್ ಎಂಬ ಗೋವಾದವರಿಗೆ ಗುರುದೀಕ್ಷೆ ಸಿಕ್ಕಿತ್ತು. ಆಮೇಲೂ ಕೆಲವರು ಆದರು. ಆದರೆ ಅವರೆಲ್ಲ ಬಿಳಿಯ ಪಾದ್ರಿಗಳ ಕೈಕೆಳಗೆ ಸಹಾಯಕರಾಗಿ ಉಳಿದರು. ಸನ್ಯಾಸಿ ಸಂಘಗಳಂತೂ ಭಾರತೀಯರಿಗೆ ಬಾಗಿಲು ಮುಚ್ಚಿಬಿಟ್ಟಿದ್ದವು. ಯೇಸು ಸಭೆಗೆ, ಅಂದರೆ ಜೆಸ್ವಿತರ ಸಂಘಕ್ಕೆ, 1575ರಲ್ಲಿ ಕೊಲ್ಲಂ ಕಡೆಯ ಪೆರೊ ಲುಯಿಸ್ ಎಂಬ ಬ್ರಾಹ್ಮಣ ಸೇರಿದರು. 1773ರಲ್ಲಿ ಆ ಸಂಘವನ್ನೇ ರದ್ದು ಮಾಡುವವರೆಗೆ ಅವರೊಬ್ಬರೇ. ಸುಮಾರು 200 ವರ್ಷದಲ್ಲಿ ಒಬ್ಬರು! ಜೆಸ್ವಿತರ ದೊಡ್ಡ ಮೇಲ್ವಿಚಾರಕ ವಲಿಗ್ನಾನೊ ಜಪಾನಿನ ಜನರನ್ನು ಬಾಯ್ತುಂಬ ಹೊಗಳಿ ಸಂಘಕ್ಕೆ ಕರೆದುಕೊಂಡರು. ಭಾರತೀಯರ ಬಗ್ಗೆ ಅವರ ಮನಸ್ಸು ತೆರೆಯಲೇ ಇಲ್ಲ. ಕಾರಣ ಚರ್ಮದ ಬಣ್ಣ. ಕಾಗದದಲ್ಲಿ ಬೇರೆ ಬೇರೆ ಕಾರಣ ಬರೆದಿರಬಹುದು, ಮೂಲ ಇದೇ.

ಇನ್ನೊಬ್ಬರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರೇನೋ. ಮಾತೇವುಸ್ ರೋಮಿಗೆ ಹೊರಟರು. ಲಿಸ್ಬನ್ ದಾರಿ ಹಿಡಿಯಲಿಲ್ಲ. ಆ ದಾರಿಯ ಹಡಗು ಪೋರ್ಚುಗೀಸರದು, ಬಂದರು ಪೋರ್ಚುಗೀಸರದು, ಅಪ್ಪಣೆ ಕೊಡಬೇಕಾದವರೂ ಅವರೇ. ಪರ್ಷಿಯಾ ಕಡೆಯಿಂದ, ಯೆರೂಸಲೇಮ್ ಮುಟ್ಟಿ, ನೆಲದ ದಾರಿಯಲ್ಲಿ ಹೋದರು. ರೋಮ್ ಸೇರಿದ್ದು 1625ರಲ್ಲಿ. ಮೂವತ್ತು ದಾಟಿದ್ದ ವಯಸ್ಸು. ಕೈಯಲ್ಲಿ ಪಟ್ಟ ಇಲ್ಲ, ಪದವಿ ಇಲ್ಲ. ಇಟಲಿಯಲ್ಲಿ ಪರಿಚಯದವರು ಯಾರಿದ್ದಾರು? ನನಗೆ ಈ ಮನುಷ್ಯನ ಬಗ್ಗೆ ಮೊದಲು ಗೌರವ ಹುಟ್ಟಿದ್ದು ಇದೇ ಜಾಗದಲ್ಲಿ. ಜಗಳ ಆಡಲು ಬಂದವರಲ್ಲ ಅವರು. ಓದಬೇಕು, ಪಾದ್ರಿ ಆಗಬೇಕು, ಅಷ್ಟೇ ಕೇಳಿದ್ದು.

ರೋಮಿನಲ್ಲಿ ಆಗ ಗಾಳಿ ಬೇರೆ ಕಡೆಗೆ ತಿರುಗಿತ್ತು. 1622ರಲ್ಲಿ ಪೋಪ್ ಹದಿನೈದನೆಯ ಗ್ರೆಗರಿ ಒಂದು ಹೊಸ ಇಲಾಖೆ ತೆರೆದಿದ್ದರು. ಧರ್ಮಪ್ರಚಾರವನ್ನು ನೋಡಿಕೊಳ್ಳುವ ಇಲಾಖೆ. ಹೆಸರು ಪ್ರೊಪಗಾಂದಾ ಫೀದೆ. ಅದರ ಮೊದಲ ಕಾರ್ಯದರ್ಶಿ ಫ್ರಾಂಚೆಸ್ಕೊ ಇಂಗೊಲಿ. 1649ರಲ್ಲಿ ಸಾಯುವವರೆಗೂ ಆ ಕುರ್ಚಿಯಲ್ಲಿ ಕೂತು ದುಡಿದ ಮನುಷ್ಯ. ಏಷ್ಯಾದಿಂದ ಬರುವ ಪತ್ರಗಳನ್ನು ಓದಿ ಓದಿ ಅವರಿಗೆ ಒಂದು ವಿಷಯ ಖಾತ್ರಿಯಾಗಿತ್ತು: ಆಯಾ ನಾಡಿನವರೇ ಪಾದ್ರಿಗಳಾಗದೆ ಸಭೆ ಅಲ್ಲಿ ಬೇರು ಬಿಡುವುದಿಲ್ಲ. ಆದರೆ ಅವರ ಕೈ ಕಟ್ಟಿತ್ತು.

ಕಟ್ಟಿದ್ದು ಪದ್ರುವಾದೊ. ನಮ್ಮ ಕರಾವಳಿಯ ಹಿರಿಯರಿಗೆ ಈ ಮಾತು ಗೊತ್ತು. ಹಿಂದಿನ ಪೋಪ್‌ಗಳು ಪೋರ್ಚುಗಲ್ ರಾಜನಿಗೆ ಒಂದು ಹಕ್ಕು ಬರೆದುಕೊಟ್ಟಿದ್ದರು. ಪೂರ್ವದೇಶಗಳಲ್ಲಿ ಇಗರ್ಜಿ ಕಟ್ಟುವ, ಪಾದ್ರಿಗಳನ್ನು ಕಳಿಸುವ, ಸಂಬಳ ಕೊಡುವ ಹೊಣೆ ರಾಜನದು. ಅದಕ್ಕೆ ಬದಲಾಗಿ ಬಿಷಪ್ ಯಾರಾಗಬೇಕು ಎಂದು ಹೆಸರು ಸೂಚಿಸುವ ಹಕ್ಕೂ ರಾಜನದು. 1534ರಲ್ಲಿ ಗೋವಾ ಧರ್ಮಪ್ರಾಂತ್ಯ ಆದಾಗ ಇದೆಲ್ಲ ಸರಿಯಾಗಿಯೇ ಕಂಡಿತ್ತು. ನೂರು ವರ್ಷದಲ್ಲಿ ಪೋರ್ಚುಗಲ್ ಬಡವಾಯಿತು, ಸಮುದ್ರ ಡಚ್ಚರ ಕೈಗೆ ಹೋಯಿತು. ಹಕ್ಕು ಮಾತ್ರ ಹಾಗೇ ಉಳಿಯಿತು. ತಾನು ಆಳದ ನೆಲದಲ್ಲೂ ಬಿಷಪ್ ನೇಮಿಸುವುದು ತಾನೇ ಎಂದು ಲಿಸ್ಬನ್ ಹೇಳುತ್ತಿತ್ತು. ಪೋಪ್ ಸ್ವತಃ ಕಳಿಸಿದ ಪಾದ್ರಿಯೂ ಲಿಸ್ಬನ್ ಒಪ್ಪಿಗೆ ಇಲ್ಲದೆ ಗೋವಾಕ್ಕೆ ಕಾಲಿಡುವ ಹಾಗಿರಲಿಲ್ಲ.

ಇಂಗೊಲಿಗೆ ಬೇಕಾಗಿದ್ದ ಮನುಷ್ಯ ತಾನಾಗಿಯೇ ನಡೆದುಕೊಂಡು ಬಂದಿದ್ದ. ಮಾತೇವುಸ್ ರೋಮಿನಲ್ಲಿ ತತ್ವಶಾಸ್ತ್ರ, ದೇವಶಾಸ್ತ್ರ ಓದಿದರು. 1630ರ ಸುಮಾರಿಗೆ ಪಾದ್ರಿ ಆದರು. ಅದೇ ಕಾಲಕ್ಕೆ ಪ್ರೊಪಗಾಂದಾದಿಂದ ಒಂದು ಆಜ್ಞೆಯೂ ಹೊರಟಿತು: ಭಾರತದಲ್ಲಿ ಯೋಗ್ಯರಾದ ಸ್ಥಳೀಯರಿಗೆ, ವಿಶೇಷವಾಗಿ ಬ್ರಾಹ್ಮಣರಿಗೆ, ಗುರುದೀಕ್ಷೆ ಕೊಡಬೇಕು. ಮಾತೇವುಸ್ ಕೈಯಲ್ಲಿ ಪೋಪ್‌ರ ಕಚೇರಿಯ ಗೌರವ ಪದವಿಯೊಂದನ್ನು ಕೊಟ್ಟು ಊರಿಗೆ ಕಳಿಸಿದರು.

ಗೋವಾ ಒಪ್ಪಲಿಲ್ಲ. ಕಾಗದಪತ್ರದ ಮೇಲೇ ಅನುಮಾನ ಎತ್ತಿದರು. ಮೋಸದಿಂದ ಗಿಟ್ಟಿಸಿದ್ದು ಎಂದರು. ಪಾದ್ರಿಯಾಗಿ ಮಾಡಬೇಕಾದ ಕೆಲಸ ಮಾಡಲು ಬಿಡಲಿಲ್ಲ. ಯೋಚಿಸಿ ನೋಡಿ. ಹತ್ತು ವರ್ಷದ ಹಿಂದೆ ಓದು ಸಾಲದು, ಯೋಗ್ಯತೆ ಸಾಲದು ಎನ್ನಬಹುದಿತ್ತು. ಈಗ ರೋಮಿನಲ್ಲೇ ಓದಿ ಪದವಿ ಪಡೆದು ಬಂದಿದ್ದಾರೆ. ಗೋವಾದ ಎಷ್ಟೋ ಬಿಳಿಯ ಪಾದ್ರಿಗಳಿಗೆ ಇಲ್ಲದ ಓದು. ಆಗ ತಕರಾರು ಕಾಗದದ ಕಡೆಗೆ ಹೊರಳಿತು. ಬೇಡ ಎಂದು ಮೊದಲೇ ತೀರ್ಮಾನ ಮಾಡಿದವರಿಗೆ ಎಷ್ಟು ದಾಖಲೆ ತಂದುಕೊಟ್ಟರೂ ಸಾಲುವುದಿಲ್ಲ ಅಲ್ವಾ?

ಮಾತೇವುಸ್ ಮತ್ತೆ ರೋಮಿಗೆ ಹೋದರು. ಈ ಸಲ ಇಂಗೊಲಿ ಮತ್ತು ಅವರ ಜೊತೆಯವರು ಒಂದು ದಾರಿ ಹುಡುಕಿದ್ದರು. ಹೊಸ ಧರ್ಮಪ್ರಾಂತ್ಯ ಮಾಡಿದರೆ ರಾಜನ ಹಕ್ಕು ಅಡ್ಡ ಬರುತ್ತದೆ. ಹಾಗಾಗಿ ಎಂದೋ ಅಳಿದುಹೋದ ಹಳೆಯ ಕ್ರೈಸ್ತ ಪಟ್ಟಣವೊಂದರ ಹೆಸರಿನಲ್ಲಿ ಬಿಷಪ್ ಮಾಡುವುದು. ಕೆಲಸ ಮಾತ್ರ ಬೇರೆ ಕಡೆ, ಪೋಪ್‌ರ ನೇರ ಪ್ರತಿನಿಧಿಯಾಗಿ. ಇದನ್ನೇ ವಿಕಾರ್ ಅಪೊಸ್ತೊಲಿಕ್ ಎನ್ನುತ್ತಾರೆ. ಮಾತೇವುಸ್ ಕ್ರಿಸೋಪೋಲಿಸ್ ಎಂಬ ಪಟ್ಟಣದ ಬಿಷಪ್ ಆದರು, ಆದಿಲ್ ಶಾಹಿ ರಾಜ್ಯಕ್ಕೆ ವಿಕಾರ್ ಆದರು. ಬಿಜಾಪುರ ಪೋರ್ಚುಗಲ್ ರಾಜನದಲ್ಲ, ಆದ್ದರಿಂದ ಅಲ್ಲಿ ಅವನ ಹಕ್ಕು ನಡೆಯುವುದಿಲ್ಲ ಎಂಬುದು ರೋಮಿನ ವಾದ. ಚೀನಾ, ವಿಯೆಟ್ನಾಂ ಕಡೆಗೆ ಮುಂದೆ ಹೋದ ಫ್ರೆಂಚ್ ವಿಕಾರ್‌ಗಳ ವಿಷಯ ಚರಿತ್ರೆಯ ಪುಸ್ತಕಗಳಲ್ಲಿ ಜಾಸ್ತಿ ಬರುತ್ತದೆ. ಅವರು ಹೊರಟದ್ದು 1659ರ ನಂತರ. ಅದಕ್ಕೂ 20 ವರ್ಷ ಮೊದಲು ಈ ದಾರಿಯಲ್ಲಿ ನಡೆದು ಕಲ್ಲುಮುಳ್ಳು ತುಳಿದವರು ದಿವಾರ್‌ನ ಮಾತೇವುಸ್.

1640ರ ಹೊತ್ತಿಗೆ ಅವರು ಡಿಚೋಲಿಯಲ್ಲಿ ನೆಲೆ ನಿಂತಿದ್ದರು. ಬಿಜಾಪುರದ ಸುಲ್ತಾನ ಅಡ್ಡಿ ಮಾಡಲಿಲ್ಲ. ಇಗರ್ಜಿ ಕಟ್ಟಲು ಬಿಟ್ಟ. ಒಬ್ಬ ಕ್ರೈಸ್ತ ಬಿಷಪ್‌ಗೆ ಮುಸ್ಲಿಂ ಸುಲ್ತಾನನ ರಾಜ್ಯದಲ್ಲಿ ಸಿಕ್ಕ ಜಾಗ, ಕ್ರೈಸ್ತ ರಾಜನ ಗೋವಾದಲ್ಲಿ ಸಿಗಲಿಲ್ಲ. ಡಿಚೋಲಿಯಿಂದ ಗೋವಾ ಎಷ್ಟು ದೂರ? ಒಂದು ನದಿ, ಒಂದಿಷ್ಟು ಗದ್ದೆ. ಮಾತೇವುಸ್‌ಗೆ ಬೇಕಾಗಿದ್ದೂ ಅದೇ. ಗೋವಾದಲ್ಲಿ ದೀಕ್ಷೆ ಸಿಗದ ಹುಡುಗರು ಗಡಿ ದಾಟಿ ಅವರ ಹತ್ತಿರ ಬರತೊಡಗಿದರು. ಅವರು ದೀಕ್ಷೆ ಕೊಡತೊಡಗಿದರು. ಹೀಗೆ ಪಾದ್ರಿಯಾಗಿ ಮರಳಿದವರನ್ನು ಗೋವಾದ ಆರ್ಚ್‌ಬಿಷಪ್ ಪಾದ್ರಿಗಳೆಂದೇ ಒಪ್ಪಲಿಲ್ಲ. ಓದು ಸಾಲದವರಿಗೂ ಅವಸರದಲ್ಲಿ ದೀಕ್ಷೆ ಕೊಟ್ಟರು ಎಂಬ ದೂರು ರೋಮಿಗೆ ಹೋಯಿತು. ಆ ದೂರಿನಲ್ಲಿ ಹುರುಳಿರಲಿಲ್ಲ ಎಂದು ನಾನು ಹೇಳಲಾರೆ. ವರ್ಷಗಟ್ಟಲೆ ತಡೆದಿಟ್ಟ ಬಾಗಿಲು ತೆರೆದಾಗ ನುಗ್ಗಿ ಬಂದವರಲ್ಲಿ ಎಲ್ಲರೂ ಪಂಡಿತರಾಗಿರಲು ಸಾಧ್ಯವಿಲ್ಲ. ಆದರೆ ಬಾಗಿಲು ಮುಚ್ಚಿದ್ದವರೇ ಬಂದು ಅದನ್ನು ದೂರುವುದು ನ್ಯಾಯವಲ್ಲ.

ಗೋವಾದಲ್ಲಿ ಅವರ ದೊಡ್ಡ ವಿರೋಧಿ ಅಫೊನ್ಸೊ ಮೆಂಡೆಸ್. ಜೆಸ್ವಿತ್. ಇಥಿಯೋಪಿಯಾದ ಪಿತೃಪ್ರಧಾನ ಎಂಬ ದೊಡ್ಡ ಪಟ್ಟ ಇದ್ದವರು. ಇಥಿಯೋಪಿಯಾದ ಹಳೆಯ ಕ್ರೈಸ್ತ ಸಭೆಯನ್ನು ರೋಮಿನ ರೀತಿಗೆ ಬಗ್ಗಿಸಲು ಹೋದರು. ಅದಕ್ಕೆ ಅಲ್ಲಿನ ರಾಜ ಫಾಸಿಲಿದಸ್ 1630ರ ದಶಕದಲ್ಲಿ ಇವರನ್ನೆಲ್ಲ ಹೊರಗೆ ಹಾಕಿದ. ಮೆಂಡೆಸ್ ಗೋವಾಕ್ಕೆ ಬಂದು ಕೂತಿದ್ದರು. ಮಾತೇವುಸ್ ಬಗ್ಗೆ ಅವರು ಬರೆದ ಮಾತುಗಳನ್ನು ನಾನು ಇಲ್ಲಿ ಹಾಕುವುದಿಲ್ಲ. ಬಣ್ಣವನ್ನೂ ಹುಟ್ಟನ್ನೂ ಹಿಡಿದು ಆಡಿದ ಹೊಲಸು ಬೈಗುಳ ಅದು. ಒಬ್ಬ ಬಿಷಪ್ ಇನ್ನೊಬ್ಬ ಬಿಷಪ್ ಬಗ್ಗೆ ಹೀಗೆ ಬರೆದ ಎಂದರೆ ಈಗಲೂ ಮೈ ಉರಿಯುತ್ತದೆ.

1640ರ ದಶಕದ ನಡುವೆ ಮಾತೇವುಸ್ ಮತ್ತೆ ರೋಮಿಗೆ ಹೋದರು. ಅಲ್ಲಿ ಅವರಿಗೆ ಇಥಿಯೋಪಿಯಾದ ಹೊಣೆ ಕೊಟ್ಟರು. ಬಿಳಿಯರನ್ನು ಕಂಡರೆ ಆಗದ ನಾಡಿಗೆ ಬಿಳಿಯನಲ್ಲದ ಬಿಷಪ್ ಹೋಗಲಿ ಎಂಬ ಲೆಕ್ಕ ಇದ್ದಿರಬಹುದು. ಅವರಿಗೆ ಒಳಗೆ ಹೋಗಲು ಆಗಲೇ ಇಲ್ಲ. ಕೆಂಪು ಸಮುದ್ರದ ಕಡೆ ಅಲೆದು ಮತ್ತೆ ಡಿಚೋಲಿಗೆ ಬಂದರು.

ಆಗಿನ ಗೋವಾದ ಸ್ಥಿತಿ ಹೇಗಿತ್ತು ಎಂದು ಸ್ವಲ್ಪ ನೋಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಡಚ್ಚರು ಸಿಂಹಳದಲ್ಲಿ ಒಂದೊಂದೇ ಕೋಟೆ ಕಿತ್ತುಕೊಳ್ಳುತ್ತಿದ್ದರು. 1656ರಲ್ಲಿ ಕೊಲಂಬೊ ಕೂಡ ಹೋಯಿತು. ಗೋವಾಕ್ಕೆ ಹತ್ತಿರದ ವೆಂಗುರ್ಲೆಯಲ್ಲಿ 1637ರಿಂದಲೇ ಡಚ್ಚರ ವ್ಯಾಪಾರದ ಕೋಠಿ ಇತ್ತು. ದಕ್ಷಿಣದಲ್ಲಿ ನಮ್ಮ ಕೆಳದಿಯ ಶಿವಪ್ಪ ನಾಯಕ 1652ರಿಂದ 1654ರ ಒಳಗೆ ಹೊನ್ನಾವರ, ಬಸ್ರೂರು, ಗಂಗೊಳ್ಳಿ ಕೋಟೆಗಳಿಂದ ಪೋರ್ಚುಗೀಸರನ್ನು ಓಡಿಸಿದ. ಇದು ಬರೀ ಕೋಟೆಯ ಪ್ರಶ್ನೆ ಆಗಿರಲಿಲ್ಲ. ಗೋವಾದ ಊಟದ ಅಕ್ಕಿ ಹೋಗುತ್ತಿದ್ದದ್ದು ಬಸ್ರೂರಿನಂಥ ಕೆನರಾ ಬಂದರುಗಳಿಂದ. ಒಳಗೂ ನೆಮ್ಮದಿ ಇರಲಿಲ್ಲ. 1653ರಲ್ಲಿ ಪೋರ್ಚುಗೀಸರೇ ತಮ್ಮ ವೈಸ್‌ರಾಯ್‌ನನ್ನು ಕೆಳಗಿಳಿಸಿದರು, ಬ್ರಾಸ್ ದೆ ಕಾಸ್ತ್ರೊ ಎಂಬವನು ಅಧಿಕಾರ ಹಿಡಿದ. ಹೆಸರು ಒಂದೇ ಆದರೂ ನಮ್ಮ ಬಿಷಪ್‌ಗೂ ಅವನಿಗೂ ಸಂಬಂಧ ಇಲ್ಲ. ಇದರ ಮೇಲೆ ರೋಮಿನ ಜೊತೆಗೂ ಜಗಳ. 1640ರಲ್ಲಿ ಪೋರ್ಚುಗಲ್ ಸ್ಪೇನಿನಿಂದ ಬಿಡಿಸಿಕೊಂಡು ಹೊಸ ರಾಜನನ್ನು ಕೂರಿಸಿತ್ತು. ಅವನನ್ನು ಪೋಪ್ 1660ರ ದಶಕದ ಕೊನೆಯವರೆಗೂ ಒಪ್ಪಲಿಲ್ಲ. ಹಾಗಾಗಿ ಹೊಸ ಬಿಷಪ್‌ಗಳ ನೇಮಕವೇ ನಿಂತುಹೋಗಿತ್ತು.

ಇಂಥ ಹೊತ್ತಿನಲ್ಲಿ, 1653ರಲ್ಲಿ, ಮಾತೇವುಸ್ ಡಿಚೋಲಿಯಿಂದ ಗೋವಾದ ಕ್ರೈಸ್ತ ಬ್ರಾಹ್ಮಣರಿಗೆ ಒಂದು ಬರಹ ಕಳಿಸಿದರು. ಅದರ ಹೆಸರು 'ಬ್ರಾಹ್ಮಣರ ಕನ್ನಡಿ'. ಪೋರ್ಚುಗೀಸರು ನಿಮ್ಮನ್ನು ಹೇಗೆ ನಡೆಸಿಕೊಂಡಿದ್ದಾರೆ ನೋಡಿ, ನಿಮಗೆ ಸಿಗಬೇಕಾದ ಸ್ಥಾನಗಳನ್ನು ಹೇಗೆ ತಪ್ಪಿಸಿದ್ದಾರೆ ನೋಡಿ, ಎದ್ದೇಳಿ ಎಂಬುದು ಅದರ ತಿರುಳು. 1654ರಲ್ಲಿ ಬಿಜಾಪುರದ ಸೈನ್ಯ ಗೋವಾದ ಬಾರ್ದೇಜ್ ಮತ್ತು ಸಾಷ್ಟಿ ಸೀಮೆಗಳ ಮೇಲೆ ನುಗ್ಗಿತು. ಹೆಚ್ಚು ದಿನ ನಿಲ್ಲಲಿಲ್ಲ, ಪೋರ್ಚುಗೀಸರು ಹಿಂದಕ್ಕೆ ಅಟ್ಟಿದರು. ಸುಲ್ತಾನನನ್ನು ಎತ್ತಿಕಟ್ಟಿದವನು ಇದೇ ಬಿಷಪ್, ಡಚ್ಚರ ಜೊತೆಗೂ ಮಾತಾಡಿದ್ದಾನೆ ಎಂದು ಗೋವಾ ದೂರಿತು. ಅಲ್ಲಿಂದ ಮುಂದೆ ಪೋರ್ಚುಗೀಸರ ಪಾಲಿಗೆ ಅವರು ರಾಜದ್ರೋಹಿ.

ಈಗ ಕೆಲವರು ಈ ಘಟನೆಯನ್ನು ಹಿಡಿದು ಅವರನ್ನು ಮೊದಲ ಸ್ವಾತಂತ್ರ್ಯ ಹೋರಾಟಗಾರ ಎನ್ನುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಅದು ಅವರನ್ನು ನಮ್ಮ ಕಾಲಕ್ಕೆ ಎಳೆದು ತರುತ್ತದೆ. ಅವರು ಕೇಳಿದ್ದು ದೇಶದ ಬಿಡುಗಡೆಯನ್ನಲ್ಲ. ಸಭೆ ತಾನೇ ಬರೆದ ಕಾನೂನಿನಂತೆ ತನ್ನೊಡನೆ ನಡೆದುಕೊಳ್ಳಲಿ ಎಂದು ಮೂವತ್ತು ವರ್ಷ ಕೇಳಿದರು. ಕೇಳಿ ಕೇಳಿ ಸೋತ ಮೇಲೆ ಕತ್ತಿ ಹಿಡಿದವರ ಕಡೆ ನೋಡಿದರು. ಅದರಲ್ಲಿ ಕಹಿ ಇತ್ತು, ಸಿಟ್ಟು ಇತ್ತು. ಬಾರ್ದೇಜ್‌ನಲ್ಲಿ ಆ ದಂಡಿಗೆ ಸಿಕ್ಕಿ ನಲುಗಿದವರಲ್ಲಿ ಅವರದೇ ಭಾಷೆ ಆಡುವ ರೈತರೂ ಇದ್ದರು ಎಂಬುದನ್ನು ಮರೆಯಬಾರದು.

ಇನ್ನೊಂದು ವಿಷಯ ಇದೆ. ನನಗೆ ಇದು ಹೆಚ್ಚು ನೋವು ಕೊಡುತ್ತದೆ. ಆ ಬರಹ ಬ್ರಾಹ್ಮಣರಿಗೆ ಬರೆದದ್ದು. ಗೋವಾದ ಎಲ್ಲ ಕ್ರೈಸ್ತರಿಗೆ ಬರೆದದ್ದಲ್ಲ. ಬ್ರಾಹ್ಮಣರಾದ ನಮ್ಮನ್ನು ಕೀಳಾಗಿ ಕಂಡರು ಎಂಬುದು ಅವರ ಅಳಲು. ಕೀಳಾಗಿ ಕಾಣುವುದೇ ತಪ್ಪು ಎಂಬಲ್ಲಿಗೆ ಅವರು ಬರಲಿಲ್ಲ. ರೋಮಿನ ಆಜ್ಞೆಯಲ್ಲೂ 'ವಿಶೇಷವಾಗಿ ಬ್ರಾಹ್ಮಣರಿಗೆ' ಎಂಬ ಮಾತು ನುಸುಳಿದ್ದನ್ನು ನೋಡಿದಿರಲ್ಲ. ದೀಕ್ಷಾಸ್ನಾನದ ನೀರು ಜಾತಿಯನ್ನು ತೊಳೆಯಲಿಲ್ಲ. ಗೋವಾದ ಪಾದ್ರಿಗಳಲ್ಲಿ ಬಾಮಣರಿಗೂ (ಬ್ರಾಹ್ಮಣ ಮೂಲದವರು) ಚಾರಡಿಗಳಿಗೂ (ಕ್ಷತ್ರಿಯ ಮೂಲದವರು) ತಿಕ್ಕಾಟ ಎಷ್ಟೋ ಕಾಲ ನಡೆಯಿತು. ಗೋವಾದಿಂದ ವಲಸೆ ಬಂದ ನಮ್ಮ ಹಿರಿಯರು ಅದನ್ನು ಗಂಟಿನಲ್ಲಿ ಕಟ್ಟಿಕೊಂಡು ಬಂದರು. ಇವತ್ತಿಗೂ ಮಂಗಳೂರು ಕಡೆಯ ಕಥೋಲಿಕರಲ್ಲಿ ಮದುವೆ ಮಾತು ಬಂದಾಗ ಬಾಮಣರಾ, ಚಾರಡಿಗಳಾ, ಸುದಿರರಾ (ಶೂದ್ರ ಮೂಲದವರಾ) ಎಂದು ಮೆಲ್ಲಗೆ ವಿಚಾರಿಸುವುದು ಪೂರ್ತಿ ನಿಂತಿಲ್ಲ. ನಮ್ಮ ಮನೆಯಲ್ಲೂ ಕೇಳಿದ್ದೇನೆ. ಬಣ್ಣದ ಹೆಸರಿನಲ್ಲಿ ತನ್ನನ್ನು ತಳ್ಳಿದ್ದನ್ನು ಅಷ್ಟು ಸ್ಪಷ್ಟವಾಗಿ ಕಂಡ ಮನುಷ್ಯ, ಹುಟ್ಟಿನ ಹೆಸರಿನಲ್ಲಿ ತಾನು ತಳ್ಳುತ್ತಿರುವುದನ್ನು ಕಾಣಲಿಲ್ಲ.

ಹಾಗೆಂದು ಅವರಿಗೆ ಆದ ಅನ್ಯಾಯ ಒಂದು ಗುಲಗಂಜಿಯಷ್ಟೂ ಕಡಿಮೆ ಆಗುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳಬೇಕು. ಸಭೆಯವರು ಅವರನ್ನು ಮರೆತದ್ದು ರಾಜದ್ರೋಹಿ ಎಂಬ ಹಣೆಪಟ್ಟಿಯಿಂದ. ಸಭೆಯ ಹೊರಗಿನವರಿಗೆ ಅವರು ಕ್ರೈಸ್ತ ಬಿಷಪ್, ಹಾಗಾಗಿ ತಮ್ಮವರಲ್ಲ. ಬ್ರಾಹ್ಮಣೇತರ ಕ್ರೈಸ್ತರಿಗೆ ಅವರಲ್ಲಿ ತಮ್ಮ ಮುಖ ಕಾಣುವುದಿಲ್ಲ. ಹೀಗೆ ಎಲ್ಲರ ನಡುವೆ ಬಿದ್ದುಹೋದರು.

1658ರಲ್ಲಿ ಅವರು ಕೊನೆಯ ಸಲ ರೋಮಿಗೆ ಹೋದರು. ಮತ್ತೆ ಭಾರತಕ್ಕೆ ಕಳಿಸಲಿಲ್ಲ. ಅವರನ್ನು ಎತ್ತಿ ಹಿಡಿದಿದ್ದ ಇಂಗೊಲಿ ತೀರಿಕೊಂಡು ಆಗಲೇ ಒಂಬತ್ತು ವರ್ಷ ಆಗಿತ್ತು. ಸುಮಾರು ಎರಡು ದಶಕ ರೋಮಿನಲ್ಲೇ ಕಳೆದು 1677ರಲ್ಲಿ ಅಲ್ಲೇ ತೀರಿಕೊಂಡರು. ಎಂಬತ್ತು ದಾಟಿತ್ತು. ಅವರು ರೋಮಿಗೆ ಬಂದ ಮರುವರ್ಷ, 1659ರಲ್ಲಿ, ಪ್ರೊಪಗಾಂದಾ ತನ್ನ ಹೊಸ ವಿಕಾರ್‌ಗಳಿಗೆ ಒಂದು ಸೂಚನಾಪತ್ರ ಕೊಟ್ಟಿತು. ಜನರ ರೀತಿ ರಿವಾಜು ಬದಲಿಸಲು ಹೋಗಬೇಡಿ, ಚೀನಾಕ್ಕೆ ಫ್ರಾನ್ಸನ್ನೋ ಸ್ಪೇನನ್ನೋ ಹೊತ್ತುಕೊಂಡು ಹೋಗುವುದಕ್ಕಿಂತ ಅಸಂಬದ್ಧ ಇನ್ನೇನಿದೆ, ಆ ನಾಡಿನವರನ್ನೇ ಪಾದ್ರಿಗಳನ್ನಾಗಿ ತಯಾರು ಮಾಡಿ ಎಂಬ ಅರ್ಥದ ಮಾತುಗಳಿವೆ ಅದರಲ್ಲಿ. ಸಭೆಯ ಚರಿತ್ರೆಯಲ್ಲಿ ತುಂಬ ದೊಡ್ಡ ಪತ್ರ ಅದು. ಅದೇ ನಗರದಲ್ಲಿ ಮಾತೇವುಸ್ ಸುಮ್ನೆ ಕೂತಿದ್ದರು.

ಅವರು ಹಾಕಿದ ಬೇರು ಪೂರ್ತಿ ಒಣಗಲಿಲ್ಲ. ಬಿಜಾಪುರದ ವಿಕಾರ್ ಆಗಿ ಅವರ ನಂತರ 1669ರಲ್ಲಿ ಬಂದವರೂ ಗೋವಾದವರೇ, ಕುಸ್ತೋದಿಯೊ ದೆ ಪಿನ್ಹೊ. ಆ ವಿಕಾರಿಯತ್, ಅಂದರೆ ವಿಕಾರ್‌ರ ಸೀಮೆ, ಹೆಸರು ಬದಲಿಸುತ್ತಾ, ನೆಲೆ ಬದಲಿಸುತ್ತಾ ಕೊನೆಗೆ ಬೊಂಬಾಯಿಗೆ ಹೋಯಿತು. ಇವತ್ತಿನ ಬೊಂಬಾಯಿ ಮಹಾಧರ್ಮಪ್ರಾಂತ್ಯ ತನ್ನ ಹುಟ್ಟನ್ನು 1637ರ ಆ ಬಿಜಾಪುರ ನೇಮಕದಿಂದಲೇ ಎಣಿಸುತ್ತದೆ. ಭಾರತದ ಮೊದಲ ಕಾರ್ಡಿನಲ್ ವಲೇರಿಯನ್ ಗ್ರೇಶಿಯಸ್ 1953ರಲ್ಲಿ ಆ ಪಟ್ಟಕ್ಕೆ ಏರಿದ್ದು ಇದೇ ಬೊಂಬಾಯಿಯ ಆರ್ಚ್‌ಬಿಷಪ್ ಆಗಿದ್ದಾಗ. ಅವರ ಮೂಲವೂ ಗೋವಾ. ಗೋವಾದಲ್ಲಿ ಮಾತ್ರ ತಡವಾಯಿತು. 1787ರಲ್ಲಿ ಬಡ್ತಿ ಸಿಗದೆ ಲಿಸ್ಬನ್‌ವರೆಗೆ ಹೋಗಿ ಕೇಳಿ ಬಂದ ಗೋವಾದ ಪಾದ್ರಿಗಳು ಪೋರ್ಚುಗೀಸರ ವಿರುದ್ಧ ನಡೆದ, ಪಿಂಟೊ ದಂಗೆ ಎಂದು ಹೆಸರಾದ ಸಂಚಿನಲ್ಲಿ ಸೇರಿದರು. ಮಾತೇವುಸ್ ಕಾಲದ ಅದೇ ಅಳಲು, ನೂರಮೂವತ್ತು ವರ್ಷದ ಮೇಲೂ. ಈ ನೆಲದ ಮಗನೊಬ್ಬ ಗೋವಾದ ಆರ್ಚ್‌ಬಿಷಪ್ ಆಗಿದ್ದು 1978ರಲ್ಲಿ.

ನಮ್ಮ ಕೆನರಾಕ್ಕೂ ಈ ಕಥೆಯ ಒಂದು ಕೊಂಡಿ ಇದೆ. ಮಾತೇವುಸ್ ತಮ್ಮ ಸಂಬಂಧದ ಹುಡುಗರನ್ನು ರೋಮಿಗೆ ಕರೆಸಿ ಓದಿಸಿದ್ದರು. ಅವರಲ್ಲಿ ಒಬ್ಬರು ತೋಮಸ್ ದೆ ಕಾಸ್ತ್ರೊ, ಅವರೂ ದಿವಾರ್‌ನವರು. ಥಿಯಟೈನ್ ಎಂಬ ಸನ್ಯಾಸಿ ಸಂಘ ಸೇರಿದರು. 1670ರ ದಶಕದಲ್ಲಿ ಬಿಷಪ್ ಆಗಿ, ಕೆನರಾ ಮತ್ತು ಮಲಬಾರಿನ ಕೆಲವು ಸೀಮೆಗಳ ವಿಕಾರ್ ಆಗಿ ನೇಮಕ ಪಡೆದು ಮಂಗಳೂರಿಗೆ ಬಂದರು. ಚಿಕ್ಕ ಹುಡುಗನಾಗಿದ್ದಾಗಿನಿಂದ ಹಿರಿಯ ಬಿಷಪ್ ಪಟ್ಟ ಪಾಡನ್ನು ನೋಡುತ್ತಾ ಬೆಳೆದವರು. ಆಗ ಇಲ್ಲಿ ಕೆಳದಿಯ ಚೆನ್ನಮ್ಮನ ಆಳ್ವಿಕೆ. ಗೋವಾದಿಂದ ಬಂದು ಬೇಸಾಯ ಹಿಡಿದ ಕ್ರೈಸ್ತ ಒಕ್ಕಲುಗಳು ಕರಾವಳಿಯ ಉದ್ದಕ್ಕೂ ಹರಡಿದ್ದವು.

ಗೋವಾದವರು ತೋಮಸ್‌ರನ್ನೂ ಒಪ್ಪಲಿಲ್ಲ. 1681ರಲ್ಲಿ ತಮ್ಮ ಕಡೆಯಿಂದ ಒಬ್ಬ ಪಾದ್ರಿಯನ್ನು ಕೆನರಾಕ್ಕೆ ಕಳಿಸಿದರು. ಮೂವತ್ತು ವರ್ಷದ ಜೋಸೆಫ್ ವಾಜ್. ಬಾಣಾವಳಿಯ ಹುಡುಗ, ಅವರೂ ಕೊಂಕಣಿ ಬ್ರಾಹ್ಮಣರ ಮನೆಯವರು. ಒಂದೇ ಊರಿನ ಜನರ ಮೇಲೆ ಎರಡು ಅಧಿಕಾರ. ಯಾರ ಪಾದ್ರಿ ಕೊಟ್ಟ ಸಂಸ್ಕಾರ ನಿಜ, ಯಾರು ಮಾಡಿಸಿದ ಮದುವೆ ನಿಜ ಎಂದು ಬಡ ಒಕ್ಕಲುಗಳು ತಬ್ಬಿಬ್ಬಾಗಿದ್ದರು. ಇಬ್ಬರ ನಡುವೆ ಜಗಳ ಹಚ್ಚಲು ಗೋವಾಕ್ಕೆ ಬೇಕಾದಷ್ಟು ಕಾರಣ ಇತ್ತು.

ವಾಜ್ ಬಂದು ತೋಮಸ್‌ರನ್ನು ಕಂಡರು. ನಿಮ್ಮ ನೇಮಕದ ಪತ್ರಗಳನ್ನು ತೋರಿಸಿ ಎಂದು ಕೇಳಿದರು. ತೋಮಸ್ ತೋರಿಸಿದರು. ವಾಜ್ ಓದಿದರು. ಪತ್ರಗಳು ಸಾಚಾ ಎಂದು ಒಪ್ಪಿದರು. ಜನರ ನಡುವೆ ಒಡಕು ಆಗದ ಹಾಗೆ ನಡೆದುಕೊಳ್ಳಲು ತಮ್ಮಿಂದ ಆದಷ್ಟು ಮಾಡಿದರು. ಮಾತೇವುಸ್ ಒಂದು ಜೀವಮಾನ ಪೂರ್ತಿ ಗೋವಾದಿಂದ ಬಯಸಿದ್ದು ಇಷ್ಟನ್ನೇ: ಪತ್ರ ಓದಿ, ನಿಜ ಇದ್ದರೆ ಒಪ್ಪಿ.

ತೋಮಸ್ ದೆ ಕಾಸ್ತ್ರೊ 1684ರಲ್ಲಿ ಮಂಗಳೂರಿನಲ್ಲೇ ತೀರಿಕೊಂಡರು. ವಾಜ್ ಅದೇ ವರ್ಷ ಗೋವಾಕ್ಕೆ ಮರಳಿ, ಆಮೇಲೆ ಸಿಂಹಳಕ್ಕೆ ಹೋದರು. 2015ರಲ್ಲಿ ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತ ಎಂದು ಘೋಷಿಸಿದರು. ಅವರ ಪುಣ್ಯಕ್ಷೇತ್ರ ಮಂಗಳೂರು ಹತ್ತಿರದ ಮುಡಿಪಿನಲ್ಲಿದೆ, ಜನ ಹರಕೆ ಹೊತ್ತು ಹೋಗುತ್ತಾರೆ. ಕೆನರಾದಲ್ಲಿ ಪದ್ರುವಾದೊ ಪ್ರೊಪಗಾಂದಾ ಜಗಳ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಯಾವ ಇಗರ್ಜಿ ಯಾವ ಬಿಷಪ್‌ಗೆ ಸೇರಿದ್ದು ಎಂದು ಹತ್ತೊಂಬತ್ತನೇ ಶತಮಾನದಲ್ಲೂ ಊರೂರಲ್ಲಿ ಪಕ್ಷ ಕಟ್ಟಿ ಕಾದಾಡಿದರು.